ಉಗುರಿಗಾಗಿ ಕಾದ ಚಾಕು

ಸಹೃದಯರೂ ವಿವೇಕಶಾಲಿಗಳೂ ಆದ ವಾಚಕ ಮಹಾಶಯರ ಸನ್ನಿಧಿಯಲ್ಲಿ ಸವಿನಯ ಅರಿಕೆ. ಕತ್ತಿ ಹಿರಿದ ವೀರರ ಕಥೆಗಳನ್ನು ತಾವು ಬೇಕಾದಷ್ಟು ಓದಿದ್ದೀರಿ. ಒರೆಯಿಂದ ಹೊರಬಂದ ಖಡ್ಗ ರಕ್ತ ಕಾಣದೆ ಒಳಗೆ ಹೋಗುವುದಿಲ್ಲವೆಂಬುದು ಅಂಥ ಕಥೆಗಳ ನಿಯಮ. ಈಗ ನಿವೇದಿಸಲಿರುವುದು ಒರೆಯಿಂದ ಹೊರಕ್ಕೇ ಬಾರದ ಆಯುಧವೊಂದರ ವೃತ್ತಾಂತ. ಮಡಚಿಟ್ಟರೆ ಅದರ ಉದ್ದ ಕಿರುಬೆರಳಿಗಿಂತ ತುಸು ಹೆಚ್ಚು. ಅದರ ಒಡೆಯನ ಉದ್ಯೋಗ ಪಾರ್ಸೆಲ್ ಕಚೇರಿಯಲ್ಲಿ ಗಂಟು ಹಾಕುವುದು. ಆದರೂ ಇದರಲ್ಲಿ ಒಂದು ಇಂಜೆಕ್ಷನ್ನು, ಒಬ್ಬರು ಅತ್ತೆ ಮತ್ತು ಒಂದು ಸಾರ್ವಜನಿಕ ಅವಮಾನ ಇರುವುದರಿಂದ ತಾವು ಅರ್ಧಕ್ಕೆ ಎದ್ದು ಹೋಗಬಾರದೆಂದು ಪ್ರಾರ್ಥನೆ.

ಕಚೇರಿಯಲ್ಲಿ ಆತನನ್ನು ಎಲ್ಲರೂ ನಾಜೂಕಯ್ಯ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಉಳಿದವರು ಸುತಲಿ ದಾರ ಸುತ್ತಿ, ಗಂಟು ಬಿಗಿದು, ಪಾರ್ಸೆಲ್ಲನ್ನು ಅತ್ತ ಎಸೆದರೆ, ಈತ ಸುತಲಿಯ ಎರಡೂ ತುದಿಗಳು ಜೋಡಿ ಮೀಸೆಯಂತೆ ಸಮವಾಗಿ ನಿಲ್ಲುವವರೆಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ಕಚೇರಿಯ ಹಿಂಭಾಗದಲ್ಲಿ, ತೂಕದ ಯಂತ್ರದ ಪಕ್ಕದಲ್ಲಿ, ಅವನ ಮೇಜು. ಅಲ್ಲಿಗೆ ಗಿರಾಕಿಗಳು ಬರುವಂತಿರಲಿಲ್ಲ. ಬರುತ್ತಿದ್ದುದು ಮೂಟೆಗಳು, ಮತ್ತು ಮೂಟೆಗಳು ಮಾತಾಡುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಸುಖವನ್ನು ನಾಜೂಕಯ್ಯ ಕಲ್ಪಿಸಿಕೊಂಡವನಲ್ಲ.

ಅದೇ ಕಚೇರಿಯ ಮುಂಭಾಗದಲ್ಲಿ ವಿಚಾರಣೆಯ ಕಿಟಕಿಯೊಂದಿತ್ತು. ಪಾರ್ಸೆಲ್ಲು ಕಳೆದುಕೊಂಡವರು, ಒಡೆದ ಗಾಜು ಪಡೆದವರು, ಯಾರದೋ ಚಪ್ಪಲಿ ಬಂದು ತಮ್ಮ ಔಷಧಿ ಬಾರದವರು, ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಅದರೆದುರು ಸಾಲುಗಟ್ಟಿ, ಒಳಗೆ ಕುಳಿತವರ ಜನ್ಮ ಜಾಲಾಡುತ್ತಿದ್ದರು. ಅಲ್ಲಿ ಕುಳಿತಿದ್ದಾಕೆಗೆ ವಿಚಾರಣೆ ಅಕ್ಕ ಎಂದೇ ಹೆಸರಾಗಿತ್ತು. ತನ್ನ ಜಾಗಕ್ಕೆ ಇನ್ನೊಬ್ಬರು ಸಿಕ್ಕ ದಿನವೇ ತನಗೆ ಬಿಡುಗಡೆ ಎಂದು ಮ್ಯಾನೇಜರು ಕೊಟ್ಟ ಮಾತನ್ನು ಆಕೆ ಮರೆತಿರಲಿಲ್ಲ. ಯಾರಿಗೆ ಸೊಂಟ ಹಿಡಿದರೂ, ಯಾರ ಕಣ್ಣು ಮಂಜಾದರೂ, ಮೊದಲು ಓಡಿಬಂದು ವಿಚಾರಿಸುವವಳು ಆಕೆಯೇ.

ಇಂತಿರಲಾಗಿ, ಕೊಡೆಯ ಕಡ್ಡಿ ರಿಪೇರಿಗೆಂದು ಪೇಟೆಗೆ ಹೋದ ನಾಜೂಕಯ್ಯ ಅಂಗಡಿಯೊಂದರ ಗಾಜಿನ ಹಿಂದೆ ಆ ಚಾಕುವನ್ನು ಕಂಡ. ಕಂಡವನು ಕೊಡೆಯನ್ನು ಮರೆತ.

ಮಡಚುವ ಚಾಕು. ಹಿಡಿಗೆ ಕಪ್ಪುಗೆಂಪು ಮರ. ಅದರ ಗೆರೆಗಳು ನಿಂತ ನೀರಿಗೆ ಯಾರೋ ಊದಿದಂತೆ ಅಲೆಯಲೆಯಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ಹರಿದಿದ್ದವು. ಎರಡೂ ತುದಿಗಳಲ್ಲಿ ಹಿತ್ತಾಳೆಯ ಕಟ್ಟು. ಹಿತ್ತಾಳೆ ಮುಗಿದು ಮರ ಶುರುವಾಗುವ ಜಾಗ ಕಣ್ಣಿಗೆ ಕಾಣುತ್ತಿತ್ತೇ ಹೊರತು ಬೆರಳಿಗೆ ಸಿಗುತ್ತಿರಲಿಲ್ಲ. ಮೊಳೆಗಳ ತಲೆಗಳನ್ನು ಮರದ ಮಟ್ಟಕ್ಕೆ ಉಜ್ಜಿ, ಮೂರು ಚಿನ್ನದ ಚುಕ್ಕೆ ಇಟ್ಟಂತೆ ಮಾಡಿದ್ದರು. ಬೆನ್ನಿನ ಉಕ್ಕಿನ ಪಟ್ಟಿ ಚಾಕು ಮಡಚಿದ್ದಾಗಲೂ ತೆರೆದಾಗಲೂ ಹಿಡಿಗೆ ಸಮ. ಕೂದಲೆಳೆಯಷ್ಟೂ ಎದ್ದಿರಲಿಲ್ಲ, ತಗ್ಗಿರಲಿಲ್ಲ. ಅಂಗಡಿಯವನು ಅಲಗನ್ನು ಬಿಡಿಸಿ ತೋರಿಸಿದಾಗ ಅದರಲ್ಲಿ ನಾಜೂಕಯ್ಯನ ಮೂಗು, ಮೀಸೆ, ಮೀಸೆಯಲ್ಲಿ ಸಿಕ್ಕಿದ ತಿಂಡಿಯ ಚೂರು ಎಲ್ಲವೂ ಸ್ಪಷ್ಟವಾಗಿ ಕಂಡವು. ಅಲಗಿನ ಮೇಲ್ಭಾಗದಲ್ಲಿ, ಉಗುರು ಕೊಟ್ಟು ಎಳೆಯಲೆಂದು, ಬಿದಿಗೆಯ ಚಂದ್ರನಂಥ ಒಂದು ಸಣ್ಣ ಕೊರೆತ. ಮಡಚಿದಾಗ ಬಂದ ‘ಟಕ್’ ಎಂಬ ಸದ್ದು ದೊಡ್ಡ ಮನೆತನದ ಕಬ್ಬಿಣದ ಪೆಟ್ಟಿಗೆ ಮುಚ್ಚಿದಂತಿತ್ತು.

“ಬಳಸೋಕೆ ಮುಂಚೆ ಒಂದು ಮಾತು ಸ್ವಾಮಿ, ಇದನ್ನ ಮಾಡಿದವರು...” ಎಂದು ಅಂಗಡಿಯವನು ಶುರುಮಾಡಿದ.

“ನನಗೆ ಹೇಳ್ಕೊಡಬೇಕಾಗಿಲ್ಲಪ್ಪ. ಚಾಕುಗಳ ವಿಚಾರ ನನಗೇನು ಹೊಸದಲ್ಲ” ಎಂದ ನಾಜೂಕಯ್ಯ. ಅವನು ಅಲ್ಲಿಯವರೆಗೆ ಕೊಂಡಿದ್ದ ಏಕೈಕ ಹರಿತವಾದ ವಸ್ತು ಗಡ್ಡದ ಬ್ಲೇಡು.

ಅಂಗಡಿಯವನು ಬಾಯಿ ಮುಚ್ಚಿಕೊಂಡ. ವಾಚಕರು ಈ ಮೌನವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಕನ್ನಡಕ ಒರೆಸುವ ಮೆತ್ತನೆ ಬಟ್ಟೆಯಿಂದ ಚಾಕು ಹೊರಬಂತು. ನಾಲ್ಕಾರು ತಲೆಗಳು ಕೂಡಿದವು. “ಮುಟ್ಟಬೇಡಿ, ಕೈ ಬೆವರು ಹೊಳಪಿಗೆ ವಿಷ” ಎಂದು ಎಚ್ಚರಿಸಿ, ನಾಜೂಕಯ್ಯ ಅಲಗು ಬಿಡಿಸಲು ಹೆಬ್ಬೆರಳನ್ನು ಕೊರೆತಕ್ಕೆ ಕೊಟ್ಟ. ಬೆರಳು ಜಾರಿತು. ಇನ್ನೊಮ್ಮೆ ಕೊಟ್ಟ. ಮತ್ತೆ ಜಾರಿತು. ಎಡಗೈಗೆ ಬದಲಾಯಿಸಿದ. ಅದೂ ಜಾರಿತು.

ಇಲ್ಲಿ ಒಂದು ಗುಟ್ಟನ್ನು ಬಿಚ್ಚಿಡಲೇಬೇಕು. ನಾಜೂಕಯ್ಯ ಉಗುರು ಕಚ್ಚುವವನು. ಶಾಲೆಯಲ್ಲಿ ಲೆಕ್ಕದ ಪಾಠದಿಂದ ಶುರುವಾದ ಚಾಳಿ ಮದುವೆ, ಬಾಡಿಗೆ ಮನೆ, ಮ್ಯಾನೇಜರು ಎಂಬ ಕಾರಣಗಳಿಂದ ಬಲಿಯುತ್ತಲೇ ಬಂದು, ಈಗ ಅವನ ಬೆರಳುಗಳ ತುದಿಯಲ್ಲಿ ಉಗುರಿನ ಬದಲು ಉಗುರಿನ ನೆನಪು ಮಾತ್ರ ಉಳಿದಿತ್ತು. ಅಲಗನ್ನು ಹಿಡಿಯೊಳಗೆ ಬಿಗಿಹಿಡಿದಿದ್ದ ಆ ಬೆನ್ನುಪಟ್ಟಿಗೆ ಮೆತ್ತನೆ ಮಾಂಸದ ಲೆಕ್ಕವೇ ಇರಲಿಲ್ಲ.

“ತೆಗೀರಿ ನಾಜೂಕಯ್ಯ, ಈ ಸುತಲಿ ಕತ್ತರಿಸಿ ನೋಡೋಣ” ಎಂದರು ಯಾರೋ.

“ಇದು ಸುತಲಿ ಕತ್ತರಿಸೋ ಚಾಕಲ್ಲ.”

“ಮತ್ತೆ ಏನು ಕತ್ತರಿಸೋ ಚಾಕು?”

“ಎಲ್ಲದಕ್ಕೂ ತೆಗೆಯೋ ವಸ್ತುವಲ್ಲ ಇದು. ಅದಕ್ಕೊಂದು ಸಂದರ್ಭ ಬರಬೇಕು” ಎಂದು ನಾಜೂಕಯ್ಯ ಗಾಂಭೀರ್ಯದಿಂದ ಬಟ್ಟೆ ಸುತ್ತತೊಡಗಿದ.

ಹಿಂದೆ ಮ್ಯಾನೇಜರು ನಿಂತಿದ್ದರು. ಅವರು ಸದ್ದಿಲ್ಲದೆ ನಡೆಯುವ ಮನುಷ್ಯ; ಅದಕ್ಕಾಗಿಯೇ ರಬ್ಬರಿನ ಅಟ್ಟೆಯ ಬೂಟು ಹಾಕುತ್ತಿದ್ದರು. “ಸಂದರ್ಭ ಬರ್ತಾ ಇದೆ ರೀ. ಬರೋ ತಿಂಗಳ ಕೊನೆಗೆ ನಮ್ಮ ಹೊಸ ಹಾಲ್ ಉದ್ಘಾಟನೆ. ದೊಡ್ಡ ಸಾಹೇಬ್ರು ಬರ್ತಾರೆ. ಆಫೀಸಿನ ಕತ್ತರಿ ನೋಡಿದೀರಲ್ಲ, ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ. ಟೇಪು ಕತ್ತರಿಸೋದು ನಿಮ್ಮ ಚಾಕುನಲ್ಲೇ ಆಗಲಿ. ನೀವೇ ಅಲಗು ಬಿಡಿಸಿ, ತಟ್ಟೇಲಿಟ್ಟು ಸಾಹೇಬ್ರ ಮುಂದೆ ಹಿಡೀರಿ.”

ನಾಜೂಕಯ್ಯನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಬಾಯಿಯ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ಅವನು ಅದನ್ನು ತಡೆದ. ಮುಂದಿನ ಅನಾಹುತಗಳೆಲ್ಲ ಹುಟ್ಟಿದ್ದು ಆ ಕ್ಷಣದಲ್ಲಿ. ಈ ಒಂದು ಉಗುರನ್ನು ಬೆಳೆಸುವುದೆಂದು ಅವನು ನಿಶ್ಚಯಿಸಿದ.

ಬೇರೆ ದಾರಿ ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ನಾಣ್ಯ ತೂರಿಸಿ ಎಬ್ಬಿಸಿದರೆ ಅಲಗಿಗೆ ಗೀರು ಬೀಳುತ್ತದೆ. ಇಕ್ಕಳದ ಹೆಸರು ನೆನೆದರೇ ಅವನಿಗೆ ಮೈ ಜುಮ್ಮೆನ್ನುತ್ತಿತ್ತು. ಹೆಂಡತಿಗೆ ಒಳ್ಳೆಯ ಉಗುರುಗಳಿದ್ದವು ನಿಜ. ಆದರೆ ಉಗುರು ಕಚ್ಚಬೇಡಿ ಎಂದು ಮದುವೆಯಾದಂದಿನಿಂದ ಬೇಡಿಕೊಳ್ಳುತ್ತಿದ್ದವಳ ಮುಂದೆ ಈ ಕಾರಣಕ್ಕೆ ಕೈಚಾಚುವುದಕ್ಕಿಂತ ಸಾಹೇಬರ ಮುಂದೆ ಮೂರ್ಛೆ ಹೋಗುವುದೇ ಲೇಸೆನಿಸಿತು. ಚಾಕುವನ್ನು ಮನೆಯ ಕಪಾಟಿನಲ್ಲಿ, ಅಂಗಿಗಳ ಕೆಳಗೆ, ಬಟ್ಟೆ ಸುತ್ತಿ ಮಲಗಿಸಿದ.

ಉಗುರು ಬೆಳೆಯುವುದನ್ನು ಕಾಯುವುದಕ್ಕಿಂತ ಮರ ಬೆಳೆಯುವುದನ್ನು ಕಾಯುವುದು ಸುಲಭ. ಮರವನ್ನು ಯಾರೂ ಪಾತ್ರೆ ಉಜ್ಜು ಎನ್ನುವುದಿಲ್ಲ. ಮೊದಲ ವಾರ ಬೆಳೆದಷ್ಟೂ ಉಗುರು ಸುತಲಿಗೆ ಸಿಕ್ಕಿ ಸೀಳಿತು. ಹೀಗಾದರೆ ಕೆಲಸ ಕೆಟ್ಟಿತೆಂದು ಅವನು ಹೆಬ್ಬೆರಳಿಗೆ ಹತ್ತಿ ಇಟ್ಟು, ಬಿಳಿ ಬಟ್ಟೆಯನ್ನು ಸುತ್ತು ಮೇಲೆ ಸುತ್ತು ಹಾಕಿ, ಕೊನೆಯಲ್ಲಿ ಎರಡೂ ತುದಿ ಸಮವಾಗಿರುವ ಗಂಟು ಬಿಗಿದ. ಹಲ್ಲಿನಿಂದ ರಕ್ಷಣೆ, ಸುತಲಿಯಿಂದಲೂ ರಕ್ಷಣೆ.

ಮೆಟ್ಟಿಲಲ್ಲೇ ಎದುರಾದರು ಪಕ್ಕದ ಮನೆಯ ನಿವೃತ್ತ ಕಾಂಪೌಂಡರು. ಮುಲಾಮು ಮಾವ ಎಂದೇ ಬೀದಿಯಲ್ಲಿ ಪ್ರಸಿದ್ಧರು. ನಿವೃತ್ತರಾದ ಮೇಲೆ ಗಾಯ ಕಾಣದೆ ಕೊರಗುತ್ತಿದ್ದ ಜೀವ.

“ಏನಪ್ಪಾ ಅದು ಕೈಗೆ?”

“ಏನಿಲ್ಲ ಮಾವ. ಆ ಚಾಕು...” ಎಂದ ನಾಜೂಕಯ್ಯ. ಚಾಕುವಿನ ಸಲುವಾಗಿ ಒಂದು ಸಣ್ಣ ಏರ್ಪಾಡು ಎಂದು ಹೇಳಿ ಮುಗಿಸುವವನಿದ್ದ. ಮುಗಿಸಲು ಅವರು ಬಿಡಲಿಲ್ಲ.

“ಚಾಕು ಅಂದ ಮೇಲೆ ಏನಿಲ್ಲ ಅಂದ್ರೇನು? ಎಷ್ಟು ಆಳ ಹೋಗಿದೆ? ಮೂಳೆ ಕಾಣ್ತಾ? ಬಿಚ್ಚು ಬಿಚ್ಚು.”

“ಬಿಚ್ಚೋ ಹಾಗಿಲ್ಲ ಮಾವ.”

ಮುಲಾಮು ಮಾವನ ಮುಖ ಗಂಭೀರವಾಯಿತು. “ಬಿಚ್ಚೋ ಹಾಗೇ ಇಲ್ವಾ” ಎಂದು ಅವರು ಮೆಲ್ಲಗೆ ಹೇಳಿದ ರೀತಿಯಿಂದ ಇಡೀ ಬೀದಿಗೆ ಸುದ್ದಿ ಹಬ್ಬಿತು. ಸಂಜೆಯ ಹೊತ್ತಿಗೆ ಗಾಯ ಮೂಳೆ ಮುಟ್ಟಿತ್ತು. ಮರುದಿನ ಮೂಳೆ ದಾಟಿತ್ತು. ಹಾಲು ಹಾಕುವವನು ಹಾಲಿಟ್ಟು, ಒಳ ಹಣಕಿ, “ತುಂಡು ಸಿಕ್ತಂತಾ ಅಮ್ಮಾ?” ಎಂದು ಕೇಳಿಹೋದ.

ನಾಜೂಕಯ್ಯನಿಗೆ ಸತ್ಯ ಹೇಳುವ ಅವಕಾಶಗಳು ಬೇಕಾದಷ್ಟು ಬಂದವು. ಆದರೆ ಸತ್ಯವನ್ನು ವಾಕ್ಯ ಮಾಡಿ ನೋಡಿದಾಗಲೆಲ್ಲ ಅದು ‘ನಾನು ಚಾಕು ಬಿಡಿಸಲು ಉಗುರು ಬೆಳೆಸುತ್ತಿದ್ದೇನೆ’ ಎಂದಾಗುತ್ತಿತ್ತು. ಇದಕ್ಕಿಂತ ಬೆರಳು ಹೋಗಿರುವುದೇ ಮರ್ಯಾದೆ ಎಂದು ತೋರಿತು. ಹಾಗಾಗಿ ಮುಲಾಮು ಮಾವ ರಟ್ಟೆ ಹಿಡಿದು ದವಾಖಾನೆಗೆ ಎಳೆದೊಯ್ದಾಗ ಅವನು ಹೋದ. ಕಟ್ಟು ಬಿಚ್ಚಲು ಮಾತ್ರ ಒಪ್ಪದೆ, ಧನುರ್ವಾಯುವಿನ ಇಂಜೆಕ್ಷನ್ನನ್ನು ಆರೋಗ್ಯವಂತನಾದ ಗಂಡಸೊಬ್ಬ ತೆಗೆದುಕೊಳ್ಳಬಹುದಾದಷ್ಟು ಸಿಟ್ಟಿನಿಂದ ತೆಗೆದುಕೊಂಡ. ಹಿಂತಿರುಗುವ ದಾರಿಯುದ್ದಕ್ಕೂ, “ನಾನಿಲ್ಲದಿದ್ರೆ ನಿನ್ನ ಗತಿ ಏನಪ್ಪಾ” ಎನ್ನುತ್ತಿದ್ದರು ಮಾವ. ಅದನ್ನೇ ನಾಜೂಕಯ್ಯನೂ ಯೋಚಿಸುತ್ತಿದ್ದ.

ಮನೆಗೆ ಬಂದರೆ ಬಾಗಿಲಲ್ಲಿ ಟ್ರಂಕು. ಟ್ರಂಕಿನ ಹಿಂದೆ ಅತ್ತೆ.

ಈ ಅತ್ತೆಯ ಬರವನ್ನು ನಾಜೂಕಯ್ಯ ಬಹುಕಾಲದಿಂದ ಮುಂದೂಡಿಕೊಂಡು ಬಂದಿದ್ದ. ಬಿಸಿಲಿಗೆ ಬಿಸಿಲೆಂದ, ಚಳಿಗೆ ಚಳಿಯೆಂದ, ಎರಡೂ ಇಲ್ಲದಾಗ ಮನೆಗೆ ಸುಣ್ಣ ಹೊಡೆಸುವುದಿದೆ ಎಂದ. ಈಗ ಅವರನ್ನು ತಡೆಯುವ ಕಾರಣ ಅವನ ಬಳಿ ಇರಲಿಲ್ಲ. ಬಂದ ಕಾರಣ ಅವನ ಕೈಯಲ್ಲೇ ಇತ್ತು.

“ಅಳಿಯಂದ್ರೇ, ನೀವು ಅಲ್ಲಾಡಬೇಡಿ. ನಾನಿದ್ದೀನಲ್ಲ” ಎಂದು ಅವರು ಅವನ ಆರಾಮ ಕುರ್ಚಿಯಲ್ಲಿ ಕುಳಿತರು. ಮತ್ತೆ ಏಳಲಿಲ್ಲ. ಊಟದ ಹೊತ್ತಿಗೆ ಮಾತ್ರ ಎದ್ದು, ಅವನ ಬಾಯಿಯೆದುರು ಚಮಚ ಹಿಡಿದು, ‘ಆ’ ಮಾಡಿ ಎನ್ನುತ್ತಿದ್ದರು.

“ಎಡಗೈಲಿ ತಿಂತೀನಿ ಅತ್ತೆ.”

“ಸಂಕೋಚ ಯಾಕೆ? ನಮ್ಮ ಅಕ್ಕನ ಮೈದುನನಿಗೂ ಹೀಗೇ ಆಗಿತ್ತು. ಬಾಗಿಲ ಸಂದೀಲಿ ಬೆರಳು. ಮೊದಲು ಬೆರಳು ಹೋಯ್ತು, ಆಮೇಲೆ ಧೈರ್ಯ ಹೋಯ್ತು, ಆಮೇಲೆ ಅಂಗಡಿ ಹೋಯ್ತು. ‘ಆ’ ಮಾಡಿ.”

ಹೆಂಡತಿ ಒಲೆಯ ಬಳಿ ನಿಂತು ಬೆನ್ನು ತಿರುಗಿಸಿಕೊಂಡೇ ಇದ್ದಳು. ಆಕೆಯ ಭುಜ ಸಣ್ಣಗೆ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದು ನಾಜೂಕಯ್ಯ ಇನ್ನೊಂದು ತುತ್ತಿಗೂ ಬಾಯಿ ತೆರೆದ.

ಕಚೇರಿಯಲ್ಲಿ ಪಾಡು ಬೇರೆಯೇ. ಹೆಬ್ಬೆರಳಿಲ್ಲದೆ ಗಂಟು ಬೀಳದು. ಕಟ್ಟದ ಪಾರ್ಸೆಲ್ಲುಗಳು ಮೇಜಿನ ಮೇಲಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ ಬೆಳೆದವು. ವಿಚಾರಣೆ ಅಕ್ಕ ಊಟದ ಬಿಡುವಿನಲ್ಲಿ ಬಂದು ಪಕ್ಕದಲ್ಲಿ ಕುಳಿತಳು. ಒಂದು ಕಿತ್ತಳೆ ಹಣ್ಣು ಸುಲಿದು ಕೊಟ್ಟಳು.

“ನೋವಿದೆಯಾ ಅಣ್ಣಾ?”

“ಇಲ್ಲಮ್ಮ.”

“ನೋವೇ ಇಲ್ವಾ. ಹಾಗಾದ್ರೆ ನರ ಹೋಗಿರುತ್ತೆ” ಎಂದು ಆಕೆ ಇನ್ನೊಂದು ತೊಳೆ ಬಿಡಿಸಿದಳು. “ನಿಮ್ಮ ಈ ಮೇಜು ಕಿಟಕಿಯಿಂದ ಎಷ್ಟು ದೂರ ಇದೆ ಅಲ್ವಾ ಅಣ್ಣಾ. ಒಬ್ಬರ ದನಿಯೂ ಕೇಳಲ್ಲ. ಈ ಮೂಲೇಲಿ ನನ್ನ ಕುರ್ಚಿ ಹಿಡಿಸುತ್ತೆ ಅನ್ಸುತ್ತೆ.” ಹೋಗುವ ಮುನ್ನ ಆಕೆ ಮೂಲೆಯನ್ನು ಗೇಣು ಹಾಕಿ ಅಳೆದುಕೊಂಡು ಹೋದಳು.

ಮ್ಯಾನೇಜರು ರಬ್ಬರಿನ ಬೂಟಿನಲ್ಲಿ ಬಂದರು. “ನಾಜೂಕಯ್ಯ, ನಾನು ಮನುಷ್ಯತ್ವ ಇರೋನು. ಉದ್ಘಾಟನೆ ದಿನದವರೆಗೂ ನೋಡ್ತೀನಿ. ಅಷ್ಟರಲ್ಲಿ ಬೆರಳು ಸರಿಹೋದ್ರೆ ಸರಿ. ಇಲ್ಲಾಂದ್ರೆ ನೀವು ಕಿಟಕಿಗೆ, ಆಕೆ ಇಲ್ಲಿಗೆ. ಅಲ್ಲಿ ಬೆರಳು ಬೇಕಿಲ್ಲ, ಕಿವಿ ಇದ್ರೆ ಸಾಕು.”

ನಾಜೂಕಯ್ಯ ಹಿಂದೆ ಮುಂದೆ ಎಣಿಸಿದ. ಈಗಲೇ ಕಟ್ಟು ಬಿಚ್ಚಿ ಗಂಟು ಹಾಕಿದರೆ ಉಗುರು ಮುರಿಯುತ್ತದೆ. ಉಗುರು ಮುರಿದರೆ ಸಾಹೇಬರ ಮುಂದೆ ಚಾಕು ತೆರೆಯುವುದಿಲ್ಲ. ಬಿಚ್ಚದಿದ್ದರೆ ಕಿಟಕಿ ಬಾಯಿ ತೆರೆದು ಕಾದಿದೆ. ಕೊನೆಗೆ ಅವನೊಂದು ಲೆಕ್ಕ ಹಾಕಿದ. ಉದ್ಘಾಟನೆಯ ದಿನ, ಎಲ್ಲರೆದುರಿಗೆ ಕಟ್ಟು ಬಿಚ್ಚುವುದು. ಬೆರಳು ಗುಣವಾಯಿತೆಂದು ಸಾರುವುದು. ಆ ಉಗುರಿನಿಂದಲೇ ಅಲಗು ಬಿಡಿಸುವುದು. ಒಂದೇ ಏಟಿಗೆ ಬೆರಳೂ ಉಳಿಯಿತು, ಮೇಜೂ ಉಳಿಯಿತು, ಚಾಕುವಿನ ಕೀರ್ತಿಯೂ ಉಳಿಯಿತು. ಈ ಉಪಾಯ ಎಷ್ಟು ಚೆನ್ನಾಗಿತ್ತೆಂದರೆ, ಇಷ್ಟು ಚೆನ್ನಾದ ಉಪಾಯ ತನಗೆ ಹೊಳೆಯುವುದು ಸಾಧ್ಯವೇ ಎಂಬ ಅನುಮಾನ ಅವನಿಗೇ ಬರಬೇಕಿತ್ತು.

ಆ ದಿನ ಬಂತು. ಹೊಸ ಹಾಲಿನ ಬಾಗಿಲಿಗೆ ಅಡ್ಡವಾಗಿ, ಎರಡು ಮರದ ಕಂಬಗಳ ನಡುವೆ, ಕೆಂಪು ರೇಷ್ಮೆಯ ಟೇಪು. ದೊಡ್ಡ ಸಾಹೇಬರು ಕೋಟು ತೊಟ್ಟು, ಬೇಗ ಮುಗಿಯಲಿ ಎಂಬ ಮುಖದಲ್ಲಿ ನಿಂತಿದ್ದರು. ಕಚೇರಿಯವರೆಲ್ಲ ಮನೆಯವರೊಂದಿಗೆ ಬಂದಿದ್ದರು. ಮುಂದಿನ ಸಾಲಿನಲ್ಲಿ ಅತ್ತೆ, ಹೆಂಡತಿ. ಅವರ ಪಕ್ಕದಲ್ಲಿ, ತಲೆ ಸುತ್ತಿ ಬಿದ್ದರೆ ಇರಲೆಂದು ಹತ್ತಿ ಮತ್ತು ಮುಲಾಮಿನೊಂದಿಗೆ ಮುಲಾಮು ಮಾವ.

ನಾಜೂಕಯ್ಯ ಮುಂದೆ ಬಂದು ಕಟ್ಟಿನ ಗಂಟನ್ನು ಹಲ್ಲಿನಿಂದ ಎಳೆದ. ಬಟ್ಟೆ ಸುರುಳಿ ಸುರುಳಿಯಾಗಿ ಕಳಚಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಮುಲಾಮು ಮಾವ ಅಗಲಕ್ಕೆ ತೆರೆದರು. ಕೊನೆಯ ಸುತ್ತು ಬಿದ್ದಾಗ ಹೊರಬಂದದ್ದು ತುಂಬಿದ, ದುಂಡಗಿನ, ನೆರಳಲ್ಲಿಟ್ಟು ಸಾಕಿದ್ದರಿಂದ ಉಳಿದವಕ್ಕಿಂತ ಬೆಳ್ಳಗಿದ್ದ ಒಂದು ಹೆಬ್ಬೆರಳು. ಅದರ ತುದಿಯಲ್ಲಿ ನೀಳವಾದ, ಹೊಳೆಯುವ ಉಗುರು. ಎಲ್ಲಿಯೂ ಒಂದು ಗೀರಿಲ್ಲ.

“ಬೆರಳು ಇದೆ” ಎಂದಳು ವಿಚಾರಣೆ ಅಕ್ಕ. ಮನೆಗೆ ಕನ್ನ ಬಿದ್ದವರ ದನಿಯಲ್ಲಿ.

“ಗುಣ ಆಯ್ತು” ಎಂದು ನಾಜೂಕಯ್ಯ ಸಾರಿ, ಯಾರೂ ಮಾತು ಬೆಳೆಸುವ ಮುನ್ನ ಚಾಕು ಎತ್ತಿದ. ಉಗುರು ಆ ಬಿದಿಗೆಯ ಚಂದ್ರನೊಳಗೆ ಬಂದು ಕುಳಿತಿತು. ಎಳೆದ. ಬೆನ್ನುಪಟ್ಟಿ ಒಂದು ಕ್ಷಣ ಬಿಗುಮಾನ ಮಾಡಿ, ಒಪ್ಪಿತು. ಅಲಗು ಹಾಲಿನ ದೀಪಗಳನ್ನೆಲ್ಲ ಮೈಮೇಲೆ ಹಾಯಿಸಿಕೊಳ್ಳುತ್ತ ಅರ್ಧ ಸುತ್ತು ತಿರುಗಿ, ‘ಟಕ್’ ಎಂದು ನಿಂತಿತು. ಗುಂಪಿನಲ್ಲಿ ಒಂದು ನಿಟ್ಟುಸಿರು ಹಾಯಿತು. ಸಾಹೇಬರ ಮುಖದಲ್ಲಿ ಸಹ ಅಂದು ಮೊದಲ ಬಾರಿಗೆ ಜೀವ ಕಾಣಿಸಿತು. “ಚೆನ್ನಾಗಿದೆ ರೀ” ಎಂದು ಅವರು ಅದನ್ನು ಹಾಗೆ ಹೀಗೆ ತಿರುಗಿಸಿ ನೋಡಿದರು. ನಾಜೂಕಯ್ಯನ ಬದುಕಿನ ಅತ್ಯುನ್ನತ ಕ್ಷಣ ಅದು. ಸಾಹೇಬರು ಅಲಗನ್ನು ಟೇಪಿನ ಮೇಲಿಡುವವರೆಗೆ ಅದು ಬಾಳಿತು.

ಟೇಪು ತುಂಡಾಗಲಿಲ್ಲ.

ಸಾಹೇಬರು ಒತ್ತಿದರು. ಟೇಪು ಬಗ್ಗಿತು. ಮೇಲಿಂದ ಕೆಳಕ್ಕೆ ಎಳೆದರು, ಕೆಳಗಿಂದ ಮೇಲಕ್ಕೆ ಎಳೆದರು. ಟೇಪು ಅಲಗಿನ ಜೊತೆಯಲ್ಲೇ ವಿಧೇಯವಾಗಿ ಹೋಯಿತು, ಬಂದಿತು. ಮ್ಯಾನೇಜರು ಒಂದು ತುದಿ ಬಿಗಿ ಹಿಡಿದರು. ಸಾಹೇಬರು ಗರಗಸದಂತೆ ಆಡಿಸಿದರು. ಕೊನೆಗೆ ಎಡಗಡೆಯ ಕಂಬವೇ ವಾಲಿ, ಮೆಲ್ಲನೆ, ಎಲ್ಲರೂ ನೋಡುತ್ತಿರುವಂತೆಯೇ, ಮ್ಯಾನೇಜರ ರಬ್ಬರಿನ ಬೂಟಿನ ಮೇಲೆ ಬಿತ್ತು. ಟೇಪು ಅಖಂಡವಾಗಿತ್ತು.

ಸಾಹೇಬರು ಅಲಗಿನ ಅಂಚನ್ನು ತಮ್ಮ ಅಂಗೈ ಮೇಲೆ ಎಳೆದು ನೋಡಿಕೊಂಡರು. ಮತ್ತೊಮ್ಮೆ, ಒತ್ತಿ ಎಳೆದರು. ಅಂಗೈ ಕೆಂಪು ಕೂಡ ಆಗಲಿಲ್ಲ. “ಇದಕ್ಕೆ ಸಾಣೆಯನ್ನೇ ಹಿಡಿಸಿಲ್ಲವಲ್ರೀ. ಇಂಥ ಚಾಕುಗಳನ್ನ ಮಾಡೋರು ಹಾಗೇ ಕೊಡ್ತಾರೆ. ಕೊಂಡೋರು ತಮಗೆ ಬೇಕಾದಷ್ಟು ಹರಿತ ಮಾಡಿಸಿಕೋಬೇಕು. ಅಂಗಡಿಯವನು ಹೇಳಲಿಲ್ವಾ?”

ಅಂಗಡಿಯವನ ಅರ್ಧ ತೆರೆದ ಬಾಯಿ ನಾಜೂಕಯ್ಯನ ಕಣ್ಮುಂದೆ ಬಂದು ನಿಂತಿತು.

ಬುದ್ಧಿ ಒಬ್ಬರಿಂದ ಒಬ್ಬರಿಗೆ ಹರಡುವ ಸದ್ದು ಗುಂಪಿನೊಳಗೆ ಕೇಳಿಸುತ್ತಿತ್ತು. ಮೊದಲು ತಲುಪಿದ್ದು ಮುಲಾಮು ಮಾವನಿಗೆ.

“ಮೊಂಡು ಚಾಕು” ಎಂದರು ಅವರು, ನಿಧಾನವಾಗಿ. “ಹಾಗಾದ್ರೆ ನಾನು ಇಂಜೆಕ್ಷನ್ ಕೊಡಿಸಿದ್ದು ಯಾತಕ್ಕೆ?”

“ಹಾಗಾದ್ರೆ ನಾನು ಕಿತ್ತಳೆ ಕೊಟ್ಟಿದ್ದು?” ಎಂದಳು ವಿಚಾರಣೆ ಅಕ್ಕ.

ಮ್ಯಾನೇಜರು ಕಂಬದ ಕೆಳಗಿನಿಂದ ಕಾಲು ಬಿಡಿಸಿಕೊಂಡು ಎದ್ದರು. “ಬೆರಳು ಹೋಗಿಲ್ಲ. ಗಾಯ ಆಗಿಲ್ಲ. ಆಗೋ ಹಾಗೂ ಇಲ್ಲ. ಇಷ್ಟು ದಿನ ಒಂದು ಗಂಟು ಹಾಕಿಲ್ಲ. ರೀ, ಸುಮ್ಮನೆ ಕೇಳ್ತೀನಿ, ಆ ಬಟ್ಟೆ ಒಳಗೆ ಏನು ಮಾಡ್ತಾ ಇದ್ರಿ?”

“ಉಗುರು” ಎಂದ ನಾಜೂಕಯ್ಯ. “ಬೆಳೆಸ್ತಾ ಇದ್ದೆ ಸಾರ್.”

ಸಾಹೇಬರು ಟೇಪಿನ ಕೆಳಗೆ ತಲೆ ತಗ್ಗಿಸಿ ನುಸುಳಿ ಒಳಗೆ ಹೋದರು. ಹೊಸ ಹಾಲಿನ ಉದ್ಘಾಟನೆ ಹೀಗೆ ಆಯಿತು. ಮರುದಿನ ಬೆಳಿಗ್ಗೆ ವಿಚಾರಣೆ ಅಕ್ಕನ ಕುರ್ಚಿ ತೂಕದ ಯಂತ್ರದ ಪಕ್ಕದ ಮೂಲೆಗೆ ಬಂತು. ಸರಿಯಾಗಿ ಹಿಡಿಸಿತು. ನಾಜೂಕಯ್ಯ ಕಿಟಕಿಗೆ ಹೋದ.

ಅವಮಾನವಾದ ದಿನದ ಸಂಜೆ ನಾಜೂಕಯ್ಯ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ಒಳಗೆ ಆರಾಮ ಕುರ್ಚಿ ಖಾಲಿಯಿರಲಿಲ್ಲ. ಹೆಂಡತಿ ಚಹಾ ತಂದಿಟ್ಟಳು.

“ಆ ಚಾಕು ಮೊಂಡು ಅಂತ ನನಗೆ ಗೊತ್ತಿತ್ತು ರೀ” ಎಂದಳು.

ಅವನು ಲೋಟದಿಂದ ಬಾಯಿ ತೆಗೆದ. “ಯಾವಾಗಿಂದ?”

“ನೀವು ಕಪಾಟಲ್ಲಿ ಇಟ್ಟ ದಿನವೇ. ಏನು ಬಚ್ಚಿಡ್ತಾರೆ ಅಂತ ಬಿಡಿಸಿ ನೋಡಿದೆ. ಚೆನ್ನಾಗಿದೆಯಲ್ಲ ಅಂತ ಸೌತೆಕಾಯಿ ಹೆಚ್ಚೋಕೆ ಹೋದೆ. ಸೌತೆಕಾಯಿಯೇ ಗೆದ್ದಿತು. ಒರೆಸಿ ಹಾಗೇ ಇಟ್ಟೆ.”

“ನೀನು ಬಿಡಿಸಿದೆಯಾ.”

“ಉಗುರು ಕೊಟ್ಟು ಎಳೆದ್ರೆ ಬರುತ್ತಲ್ಲ.”

ನಾಜೂಕಯ್ಯ ಚಹಾ ಮುಗಿಸಿ ಲೋಟ ಕೆಳಗಿಟ್ಟ. “ಅಂದ್ರೆ ನನಗೆ ಗಾಯ ಆಗಿಲ್ಲ ಅಂತ ಗೊತ್ತಿದ್ದೂ, ಇಂಜೆಕ್ಷನ್ನಿಗೆ ಕಳಿಸಿದೆ. ಚಮಚದಲ್ಲಿ ತಿನ್ನಿಸಿಕೊಳ್ಳೋದನ್ನ ನೋಡ್ತಾ ನಿಂತೆ. ಒಂದು ಮಾತು ಹೇಳಬಾರದಿತ್ತೇನೇ?”

ಹೆಂಡತಿ ಖಾಲಿ ಲೋಟ ಎತ್ತಿಕೊಂಡಳು. “ಹೇಳಿದ್ರೆ ಅಮ್ಮ ಬರ್ತಾ ಇರ್ಲಿಲ್ವಲ್ಲ” ಎಂದು ಒಳಗೆ ಹೋದಳು.

ನಾಜೂಕಯ್ಯನ ಹೆಬ್ಬೆರಳು ಮೆಲ್ಲನೆ ಬಾಯಿಯ ಕಡೆ ಹೊರಟಿತು. ಈ ಸಲ ಅವನು ತಡೆಯಲಿಲ್ಲ.

ಇಷ್ಟನ್ನೂ ನಾಜೂಕಯ್ಯನ ಬಾಯಿಂದಲೇ, ಆ ವಿಚಾರಣೆಯ ಕಿಟಕಿಯ ಕಂಬಿಗಳ ಈಚೆ ನಿಂತು ಕೇಳಿದ್ದಾಯಿತು. ಊರೂರು ಅಲೆಯುವ ಈ ಕಥೆಗಾರನ ಹಳೆಯ ಕಾದಂಬರಿಗಳ ಪೆಟ್ಟಿಗೆಯೊಂದು ದಾರಿ ತಪ್ಪಿ, ಬೈದಾಡಿದ ಮೇಲೆ ಸಿಕ್ಕಿತ್ತು. ಒಳಗಿನ ಪುಸ್ತಕಗಳು ತನ್ನವೇ ಎಂದು ನೋಡಿಕೊಳ್ಳಬೇಕಿತ್ತು. ಸುತಲಿಯ ಗಂಟು ಬಿಗಿಯಾಗಿತ್ತು. ನಾಜೂಕಯ್ಯ ಒಂದು ಗಳಿಗೆ ಅನುಮಾನಿಸಿ, ಕನ್ನಡಕದ ಬಟ್ಟೆಯ ಪೊಟ್ಟಣವನ್ನು ಕಂಬಿಗಳ ನಡುವೆ ಹೊರಕ್ಕೆ ತಳ್ಳಿದ.

“ನಿಮಗೆ ಉಗುರಿದೆಯಾ ಸ್ವಾಮಿ? ಹಾಗಾದ್ರೆ ನೀವೇ ಬಿಡಿಸಿ.”

ಬಿಡಿಸಿದರೆ ‘ಟಕ್’ ಎಂದಿತು. ಒಳಗೆ ಆತ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳಿದ. ಅಲಗಿನಲ್ಲಿ ಮುಖ ಕಂಡಿತು; ಸುತಲಿಗೆ ಮಾತ್ರ ಏನೂ ಆಗಲಿಲ್ಲ.

“ಇನ್ನೂ ಸಾಣೆ ಹಿಡಿಸಲಿಲ್ಲವೇ?”

“ಹಿಡಿಸೋಣ ಅಂತಲೇ ಹೋಗಿದ್ದೆ” ಎಂದ ನಾಜೂಕಯ್ಯ. “ಸಾಣೆಗೆ ಕೊಟ್ರೆ ಅಂಚಿನ ಹೊಳಪು ಹೋಗುತ್ತಂತೆ.”

ಚಾಕುವನ್ನು ಮಡಚಿ, ಬಟ್ಟೆ ಸುತ್ತಿ, ಒಳಗೆ ಕೊಟ್ಟದ್ದಾಯಿತು. ಗಂಟನ್ನು ಹಲ್ಲಿನಿಂದ ಬಿಚ್ಚಿ, ಪುಸ್ತಕಗಳನ್ನು ನೋಡಿ, ಮತ್ತೆ ಕಟ್ಟುವಾಗ ಆತ ಒಳಗಿನಿಂದಲೇ ಎರಡೂ ತುದಿ ಸಮ ಬರುವವರೆಗೆ ಬಿಡಲಿಲ್ಲ. ಪೆಟ್ಟಿಗೆ ಹೆಗಲೇರಿತು, ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು, ಆದರೆ ದಾರಿಯೂ ಉದ್ದವಿತ್ತು. ಬೀದಿಗೆ ಕಾಲಿಡುವಾಗ ಹಿಂದಿನಿಂದ, ಸಾಲಿನಲ್ಲಿ ಮುಂದೆ ಬಂದವರ ದನಿ ಕೇಳಿಸಿತು.

“ಪಾರ್ಸೆಲ್ ವಿಚಾರ ಆಮೇಲಿರಲಿ. ಮೊದಲು ಆ ಬೆರಳು ತೋರಿಸಿ ಸ್ವಾಮಿ, ನೋಡೋಣ.”